ಕೂಸಿಗೆ ಜೇನು ಬೇಡ ಅನ್ನೋದು ಯಾಕೆ?

ಮಗು ಹುಟ್ಟಿದಾಗ ನಾಲಿಗೆಗೆ ಒಂದು ಹನಿ ಜೇನು ಸವರುವುದು ನಮ್ಮಲ್ಲಿ ಹಲವರ ಮನೆಯ ಪದ್ಧತಿ. ಆದರೆ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ ಅಂತಾರೆ ಮಕ್ಕಳ ವೈದ್ಯರು. ಕಾರಣ, ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ.

ಇದರ ಸ್ಪೋರ್‌ಗಳು ಮಣ್ಣು, ಧೂಳಿನಲ್ಲಿ ಇರುತ್ತವೆ, ಕೆಲವೊಮ್ಮೆ ಜೇನಿನಲ್ಲೂ. ನಾವು ನೀವು ನುಂಗಿದರೆ ಸಾಮಾನ್ಯವಾಗಿ ಏನೂ ಆಗಲ್ಲ. ಕರುಳಿನಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಅವನ್ನು ಬೆಳೆಯೋಕೆ ಬಿಡಲ್ಲ. ಕೂಸಿನ ಕರುಳಿಗೆ ಆ ಕಾವಲು ಇನ್ನೂ ಬಂದಿರೋದಿಲ್ಲ. ಸ್ಪೋರ್ ಅಲ್ಲೇ ಮೊಳೆತು ವಿಷ ತಯಾರಿಸುತ್ತದೆ. ಜೇನು ಕುದಿಸಿ ಕೊಟ್ಟರೆ? ಪ್ರಯೋಜನವಿಲ್ಲ. 100 ಡಿಗ್ರಿಗೆ ಈ ಸ್ಪೋರ್ ಜಗ್ಗಲ್ಲ, ಆಟೋಕ್ಲೇವ್‌ನಂತೆ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಬೇಕು.

ವಿಷ ಏನು ಮಾಡುತ್ತೆ ಅಂತ ನಮ್ಮ ಭಾಷೆಯಲ್ಲೇ ಹೇಳೋದಾದರೆ, ಮಿದುಳು ಸರಿ ಇದೆ, ಸ್ನಾಯುವೂ ಸರಿ ಇದೆ, ನಡುವೆ ಸಿಗ್ನಲ್ ಕಟ್. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರದಂತೆ ಅದು ತಡೆಯುತ್ತದೆ. (ಮುಖದ ಸುಕ್ಕಿಗೆ ಚುಚ್ಚುವ ಬೊಟಾಕ್ಸ್ ಕೂಡ ಇದೇ ವಿಷ, ಅತಿ ಸಣ್ಣ ಪ್ರಮಾಣದಲ್ಲಿ.)

ಮೊದಲ ಲಕ್ಷಣ ಬಹಳ ಸಲ ಮಲಬದ್ಧತೆ. ಎಳೆ ಮಕ್ಕಳಿಗೆ ಅದು ಇದ್ದದ್ದೇ ಅಂತ ಮನೆಯವರು ಬಿಟ್ಟುಬಿಡ್ತಾರೆ. ಆಮೇಲೆ ಹಾಲು ಚೀಪುವ ಬಲ ಕುಗ್ಗುತ್ತೆ, ಅಳು ಕ್ಷೀಣವಾಗುತ್ತೆ, ರೆಪ್ಪೆ ಜೋಲುತ್ತೆ, ನಿಲ್ಲೋಕೆ ಶುರುವಾಗಿದ್ದ ಕತ್ತು ಮತ್ತೆ ವಾಲುತ್ತೆ. ನಿಶ್ಶಕ್ತಿ ತಲೆಯಿಂದ ಕೆಳಗಿಳಿಯುತ್ತಾ ಉಸಿರಾಟದ ಸ್ನಾಯುಗಳನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಜ್ವರ ಇರಲ್ಲ, ಅದಕ್ಕೇ ಯಾರಿಗೂ ಗಾಬರಿಯಾಗಲ್ಲ. 'ಪಾಪು ಎಷ್ಟು ಸಮಾಧಾನ, ಅಳೋದೇ ಇಲ್ಲ' ಅಂತ ಯಾರಾದರೂ ಅಂದರೆ, ಹಾಲು ಸರಿಯಾಗಿ ಕುಡೀತಿದೆಯಾ ಅಂತ ಕೇಳಿ. ಇಲ್ಲ ಅಂದರೆ ಆಸ್ಪತ್ರೆಗೆ ಅವತ್ತೇ ಹೋಗಬೇಕು. ಜೇನು ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು, ಅಜ್ಜಿಗೆ ಬೈಗುಳ ಬಿದ್ದರೂ ಸರಿ. ಕೊಟ್ಟಿಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಎಷ್ಟೋ ಮಕ್ಕಳಲ್ಲಿ ಸ್ಪೋರ್ ಎಲ್ಲಿಂದ ಬಂತೆಂದು ಗೊತ್ತೇ ಆಗುವುದಿಲ್ಲ.

ಎಳೆಯರ ಈ ಕಾಯಿಲೆಯನ್ನು 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುರುತಿಸಿದರು. ವಿಷವನ್ನು ಹಿಡಿದುಹಾಕುವ ಬೇಬಿಬಿಗ್ ಎಂಬ ಪ್ರತಿಕಾಯದ ಔಷಧವೂ ಅಲ್ಲಿನದೇ, 2003ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆಯಿತು. ಪ್ರಯೋಗದಲ್ಲಿ ಆಸ್ಪತ್ರೆ ವಾಸ ಸರಾಸರಿ 5.7 ವಾರದಿಂದ 2.6 ವಾರಕ್ಕೆ ಇಳಿಯಿತು. ದುಬಾರಿ, ಎಲ್ಲ ಕಡೆ ಸಿಗುವಂಥದ್ದೂ ಅಲ್ಲ. ಮಲದ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ, ಆದರೆ ವರದಿಗೆ ಕಾಯದೆ ಔಷಧ ಕೊಡ್ತಾರೆ. ಯಾಕಂದ್ರೆ ನರದೊಳಗೆ ಹೊಕ್ಕ ವಿಷವನ್ನು ಅದು ಹೊರತೆಗೆಯಲಾರದು. ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್ ಕೊಟ್ಟರಂತೂ ನಿಶ್ಶಕ್ತಿ ಇನ್ನೂ ಹೆಚ್ಚಬಹುದು.

ಉಳಿದದ್ದು ಆರೈಕೆ. ಮೂಗಿನ ನಳಿಕೆಯಿಂದ ಹಾಲು, ಬೇಕಾದರೆ ವೆಂಟಿಲೇಟರ್. ನರದ ತುದಿಗಳು ಹೊಸದಾಗಿ ಚಿಗುರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಉಸಿರು ನಿಲ್ಲದಂತೆ ನೋಡಿಕೊಂಡರೆ ಬಹುತೇಕ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ.