ಕಂಬದ ಮನೆತನದ ಅರಮನೆ: ರೋಮ್‌ನ ಕೊಲೊನ್ನಾ

ರೋಮ್ ನಗರದ ಕ್ವಿರಿನಾಲ್ ಗುಡ್ಡದ ಬುಡದಲ್ಲಿರುವ ಕೊಲೊನ್ನಾ ಅರಮನೆ ಆ ನಗರದ ಅತಿ ಹಳೆಯ ಶ್ರೀಮಂತ ಕುಲಗಳಲ್ಲೊಂದರ ನಿವಾಸವಾಗಿದ್ದು, ಶತಮಾನಗಳು ಉರುಳಿದ ಮೇಲೂ ಅದೇ ಕುಲದ ಒಡೆತನದಲ್ಲಿ ಉಳಿದಿದೆ. ಇಟಾಲಿಯನ್ ಭಾಷೆಯಲ್ಲಿ ‘ಕೊಲೊನ್ನಾ’ ಎಂದರೆ ಕಂಬ. ವಂಶದ ಲಾಂಛನವೂ ಕಂಬವೇ. ಈ ಕುಲದ ಒದ್ದೋನೆ ಕೊಲೊನ್ನಾ 1417ರಲ್ಲಿ ಐದನೆಯ ಮಾರ್ಟಿನ್ ಎಂಬ ಹೆಸರಿನಿಂದ ಪೋಪ್ ಪದವಿಗೇರಿ, 1420ರಲ್ಲಿ ರೋಮಿಗೆ ಬಂದ ಬಳಿಕ ಇಲ್ಲಿಯೇ ನೆಲೆಸಿದನು.

ಅರಮನೆಯ ಕೀರ್ತಿಗೆ ಮುಖ್ಯ ಕಾರಣ ಸುಮಾರು 76 ಮೀಟರ್ ಉದ್ದದ ಗ್ಯಾಲರಿ, ಅಂದರೆ ಚಿತ್ರ ಮತ್ತು ಶಿಲ್ಪಗಳ ಪ್ರದರ್ಶನಕ್ಕೆಂದೇ ರೂಪಿಸಿದ ಕೋಣೆಗಳ ಸಾಲು. ಹದಿನೇಳನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ಆಂತೋನಿಯೊ ದೆಲ್ ಗ್ರಾಂದೆ ಕೈಗೆತ್ತಿಕೊಂಡ ಈ ಕೆಲಸ ಮುಗಿದು ಉದ್ಘಾಟನೆಗೊಂಡದ್ದು 1700ರಲ್ಲಿ. ಹಸಿಗಾರೆಯ ಮೇಲೆ ಬಣ್ಣ ಹಾಕಿ, ಗಾರೆ ಒಣಗುತ್ತಿದ್ದಂತೆ ಬಣ್ಣವೂ ಗೋಡೆಯೊಳಗೇ ನಿಲ್ಲುವಂತೆ ಮಾಡುವ ವಿಧಾನಕ್ಕೆ ಫ್ರೆಸ್ಕೋ ಎಂದು ಹೆಸರು. ಗ್ಯಾಲರಿಯ ದೊಡ್ಡ ಹಜಾರದ ಛಾವಣಿಯಲ್ಲಿ ಲುಕ್ಕಾ ಊರಿನ ಜಿಯೊವಾನ್ನಿ ಕೋಲಿ ಮತ್ತು ಫಿಲಿಪ್ಪೊ ಗೆರಾರ್ದಿ ಆ ವಿಧಾನದಲ್ಲೇ, 1571ರ ಅಕ್ಟೋಬರ್ 7ರಂದು ಲೆಪಾಂಟೊ ನೌಕಾಯುದ್ಧದಲ್ಲಿ ತುರ್ಕರ ವಿರುದ್ಧ ಪೋಪ್‌ನ ನೌಕಾಪಡೆಯನ್ನು ಮುನ್ನಡೆಸಿದ ಎರಡನೆಯ ಮಾರ್ಕಾಂತೋನಿಯೊ ಕೊಲೊನ್ನಾನ ವಿಜಯವನ್ನು ಚಿತ್ರಿಸಿದ್ದಾರೆ. ಆ ಒಂದು ಗೆಲುವಿನ ಹೆಮ್ಮೆ ಪೀಠೋಪಕರಣಗಳಿಗೂ ಇಳಿದಿದೆ: ಚಿನ್ನದ ಲೇಪದ ಮೇಜುಗಳನ್ನು ಹೊತ್ತು ನಿಂತಿರುವುದು ಸೆರೆಸಿಕ್ಕ ತುರ್ಕರ ಕೆತ್ತನೆಗಳು. ಅವುಗಳ ಕುಸುರಿಗೆ ಬೆರಗಾಗುವಾಗಲೂ, ಸೋತವರನ್ನು ಹೀಗೆ ಮನೆಯ ಸಾಮಾನಾಗಿಸಿದ ಗರ್ವ ಮನಸ್ಸನ್ನು ಚುಚ್ಚದಿರದು. ದೊಡ್ಡ ಕನ್ನಡಿಗಳ ಮೇಲೇ ಮಾರಿಯೊ ನುಜ್ಜಿ ಹೂಗಳನ್ನು, ಕಾರ್ಲೊ ಮರಾತ್ತಾ ಎಳೆಯ ಮಕ್ಕಳನ್ನು ಬರೆದಿರುವುದರಿಂದ, ಎದುರು ನಿಂತವರ ಪ್ರತಿಬಿಂಬವೂ ಚಿತ್ರದೊಳಗೆ ಸೇರಿಹೋಗುತ್ತದೆ. ಕರಿಮರದ ಒಂದು ಕಪಾಟಿನಲ್ಲಿ ಸ್ಟೈನ್‌ಹಾರ್ಟ್ ಸಹೋದರರು ಕೆತ್ತಿದ 28 ದಂತದ ಫಲಕಗಳಿದ್ದು, ನಡುವಿನದು ಮೈಕೆಲೆಂಜೆಲೊನ ‘ಅಂತಿಮ ತೀರ್ಪು’ ಚಿತ್ರದ ಕಿರುರೂಪ.

ಆ ದೊಡ್ಡ ಹಜಾರಕ್ಕೆ ಇಳಿಯುವ ಅಮೃತಶಿಲೆಯ ಮೆಟ್ಟಿಲಿನ ಮೇಲೆ ಮಾತ್ರ ಯಾವ ಕಲಾವಿದನೂ ಯೋಜಿಸದ ವಸ್ತುವೊಂದಿದೆ. 1849ರಲ್ಲಿ ರೋಮನ್ ಗಣರಾಜ್ಯವನ್ನು ಮುತ್ತಿದ ಫ್ರೆಂಚ್ ಸೈನ್ಯ ಜಾನಿಕ್ಯುಲಮ್ ಗುಡ್ಡದಿಂದ ಹಾರಿಸಿದ ಫಿರಂಗಿ ಗುಂಡು ಇಲ್ಲಿ ಬಂದು ಬಿದ್ದಿತು. ಮನೆಯವರು ಅದನ್ನು ಬಿದ್ದಲ್ಲೇ ಉಳಿಸಿಕೊಂಡಿದ್ದಾರೆ.

ಮುಂದಿನ ಕೋಣೆಗಳಲ್ಲೊಂದರ ಛಾವಣಿಯಲ್ಲಿ ಐದನೆಯ ಮಾರ್ಟಿನ್ ಸ್ವರ್ಗಕ್ಕೇರುವ ಚಿತ್ರವಿದೆ. ಅದರ ಕೆಳಗೆ, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಆನ್ನಿಬಾಲೆ ಕರಾಚ್ಚಿ ಬರೆದ ಒಬ್ಬ ಬಡ ದುಡಿಮೆಗಾರ, ರೊಟ್ಟಿ ಮತ್ತು ಈರುಳ್ಳಿಯನ್ನು ಪಕ್ಕದಲ್ಲಿಟ್ಟುಕೊಂಡು, ಅಲಸಂದೆಯಂಥ ಕಾಳು ತುಂಬಿದ ಚಮಚವನ್ನು ತೆರೆದ ಬಾಯಿಯ ಬಳಿ ತಡೆದು, ಒಳಗೆ ಬಂದವರನ್ನು ನೇರವಾಗಿ ದಿಟ್ಟಿಸುತ್ತ ಕುಳಿತಿದ್ದಾನೆ.