ಕಾಯಿಲೆಯ ಮನೆಯಲ್ಲಿ ಆರೋಗ್ಯವಾಗಿರುವ ಮಗು



ಮನೆಯ ಒಂದು ಮಗುವಿಗೆ ದೊಡ್ಡ ಕಾಯಿಲೆ ಬಂದರೆ ನಾವೆಲ್ಲ ಆ ಮಗುವನ್ನು ವಿಚಾರಿಸುತ್ತೇವೆ. ಅದರ ಅಕ್ಕನನ್ನೋ ತಮ್ಮನನ್ನೋ ಕೇಳುವವರು ಕಡಿಮೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ 2ರಿಂದ 3 ವರ್ಷ ಚಿಕಿತ್ಸೆ ಬೇಕು. ತೀವ್ರ ಥಲಸ್ಸೀಮಿಯಾ ಇದ್ದರೆ 2ರಿಂದ 5 ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಅಷ್ಟೂ ಕಾಲ ತಂದೆ ತಾಯಿಗೆ ಆಸ್ಪತ್ರೆಯ ದಾರಿಯೇ ಮನೆ.

ಕೆಮ್ಮಣ್ಣುಗುಂಡಿ, ಲಿಂಗದಹಳ್ಳಿ ಕಡೆಯವರು ಮಗುವನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಉಳಿದ ಮಕ್ಕಳನ್ನು ಅಜ್ಜಿ ಮನೆಯಲ್ಲಿ ಬಿಡುತ್ತಾರೆ. ನಿರಾಶ್ರಿತರಿಗೆ ಆ ಅಜ್ಜಿ ಮನೆಯೂ ಇಲ್ಲ. ಮ್ಯಾನ್ಮಾರಿನಿಂದ ಓಡಿಬಂದ ಕೆಲವು ರೋಹಿಂಗ್ಯಾ ಕುಟುಂಬಗಳು ಬೆಂಗಳೂರಿನ ಹೊರವಲಯದ ಶೆಡ್ಡುಗಳಲ್ಲಿ ಗುಜರಿ ಆಯ್ದು ಬದುಕುತ್ತಿವೆ. ಅಂಥ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವುದು, ನೀರು ತರುವುದು, ಅನ್ನಕ್ಕಿಡುವುದು ಆರೋಗ್ಯವಾಗಿರುವ ಮಗುವಿನ ಪಾಲಿಗೆ ಬರುತ್ತದೆ. ಶಾಲೆಯಲ್ಲಿ ಊರ ಭಾಷೆ ಕಲಿತ ಮಗುವೇ ಡಾಕ್ಟರ ಮಾತನ್ನು ತಾಯಿಗೆ ತಿಳಿಸಬೇಕು. ಕೆಟ್ಟ ಸುದ್ದಿಯೂ ಮೊದಲು ಅದರ ಕಿವಿಗೇ ಬೀಳುತ್ತದೆ. ದೂರದ ರಾಜ್ಯಗಳಿಂದ ನಮ್ಮ ಕಾಫಿ ತೋಟಗಳಿಗೆ ಕೂಲಿಗೆ ಬಂದವರಿಗೆ ಇಂಥ ಕಷ್ಟ ಬಂದರೆ ಅವರ ಪಾಡೂ ಹೆಚ್ಚು ಬೇರೆಯಲ್ಲ.

ಶಿಕ್ಷಕರಾಗಿದ್ದಾಗ ನಾವು ಇಂಥ ಮಕ್ಕಳನ್ನು ಗುರುತಿಸಲೇ ಇಲ್ಲ. ಅವರು ಗಲಾಟೆ ಮಾಡುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಸುಮ್ಮನಾದೆವು. ಮನೆಯಲ್ಲಿ ಏನಾಗಿದೆ ಎಂದು ಒಂದು ಮಾತು ಕೇಳಿದ್ದರೆ ಕೆಲವರಾದರೂ ಶಾಲೆ ಬಿಡುತ್ತಿರಲಿಲ್ಲವೇನೋ.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟು. ಕಾಯಿಲೆ ಏನೆಂದು ಉಳಿದ ಮಕ್ಕಳಿಗೂ ಅವರಿಗೆ ಅರ್ಥವಾಗುವಂತೆ ಹೇಳಿ. ಕ್ಯಾನ್ಸರ್, ಥಲಸ್ಸೀಮಿಯಾ ಅಂಟುರೋಗಗಳಲ್ಲ. ಜಗಳವಾಡಿದ್ದರಿಂದ, ಹೊಡೆದಿದ್ದರಿಂದ ಬಂದವೂ ಅಲ್ಲ. ಮಕ್ಕಳು ಹಾಗೆ ಅಂದುಕೊಂಡು ಒಳಗೊಳಗೇ ಕೊರಗುತ್ತಾರೆ. ಅಸ್ಥಿಮಜ್ಜೆ ಕಸಿಗೆ ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ ಅದು ಯಾರ ತಪ್ಪೂ ಅಲ್ಲವೆಂದು ಮಗುವಿಗೆ ಬಿಡಿಸಿ ಹೇಳಿ. ದಿನಕ್ಕೆ ಹತ್ತು ನಿಮಿಷ ಆ ಮಗುವಿನ ಜೊತೆಗೇ ಕೂತು ಮಾತಾಡಿ. ಆಸ್ಪತ್ರೆಯಲ್ಲಿ ಭಾಷೆ ತಿಳಿಸಲು ದೊಡ್ಡವರೊಬ್ಬರನ್ನು ಕರೆದೊಯ್ಯಿರಿ.

ಈ ಸಾಲಿನ ವಿದ್ಯಾರ್ಥಿವೇತನಕ್ಕೆ ಕಾಯಿಲೆಯ ಮಗುವಿನ ಅಣ್ಣ ತಮ್ಮ, ಅಕ್ಕ ತಂಗಿಯರೂ ಅರ್ಜಿ ಹಾಕಬಹುದು. ಹಾಜರಿ ಕಡಿಮೆಯೆಂದು ಅರ್ಜಿಯನ್ನು ತಿರಸ್ಕರಿಸುವುದಿಲ್ಲ. ಕಾರಣವನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ದಾನಿಗಳೇ, ತಾವು ಕೊಡುವ ಪುಸ್ತಕ, ಬಸ್ ಪಾಸಿನ ಹಣ ಇಂಥ ಮಗುವನ್ನು ಮತ್ತೆ ಬೆಂಚಿಗೆ ಕರೆತರುತ್ತದೆ.