ಆಡಿದ ಮಾತು, ಮುಚ್ಚಿದ ಬಾಗಿಲು

ವೃತ್ತಿಪರ ಗಾಲ್ಫಿನಲ್ಲಿ ಯಾರೋ ಒಬ್ಬರು ಕಪ್ಪು ಜನರ ಬಗ್ಗೆ ಹಗುರವಾಗಿ ಮಾತಾಡಿದರು, ಪತ್ರಿಕೆಗಳು ಹರಿಹಾಯ್ದವು, ಆಡಿದವರು ಕ್ಷಮೆ ಕೇಳಿದರು. ಈ ಸುದ್ದಿ ಕೆಲವು ವರ್ಷಕ್ಕೊಮ್ಮೆ ಮರುಕಳಿಸುತ್ತದೆ. ಅದರ ಬೆನ್ನಿಗೇ ಕೆಲವು ಸಿದ್ಧ ಸಮಜಾಯಿಷಿಗಳೂ ಬರುತ್ತವೆ. ಗಾಲ್ಫನ್ನು ದೂರದಿಂದ ನೋಡುವ ನಮ್ಮಂಥವರಿಗೆ ಅವು ಸರಿಯೆಂದೇ ತೋರುತ್ತವೆ. ಹತ್ತಿರ ಹೋಗಿ ನೋಡಿದರೆ ಒಂದೂ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಅದು ಊಟದ ಬಗೆಗಿನ ತಮಾಷೆ, ಅಷ್ಟೇ

1997ರ ಏಪ್ರಿಲ್ 13, ಭಾನುವಾರ. ಅಮೆರಿಕದ ಜಾರ್ಜಿಯಾದಲ್ಲಿರುವ ಆಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ. 21 ವರ್ಷದ ಟೈಗರ್ ವುಡ್ಸ್ 12 ಹೊಡೆತಗಳ ಅಂತರದಲ್ಲಿ ಗೆದ್ದ ದಿನ ಅದು. 1979ರ ಚಾಂಪಿಯನ್ ಫಜ್ಜಿ ಜೋಲರ್ ತಮ್ಮ ಆಟ ಮುಗಿಸಿ ಟಿ.ವಿ. ಕ್ಯಾಮೆರಾ ಮುಂದೆ ನಿಂತಿದ್ದರು. 'ಆ ಪುಟ್ಟ ಹುಡುಗ' ಚೆನ್ನಾಗಿ ಆಡುತ್ತಿದ್ದಾನೆ ಎಂದು ಹೊಗಳಿದರು. ಮುಂದಿನ ವರ್ಷದ ಔತಣಕ್ಕೆ ಫ್ರೈಡ್ ಚಿಕನ್ ಬಡಿಸಬೇಡ ಎಂದು ಅವನಿಗೆ ಹೇಳಿ, ಎಂದರು. ಚಿಟಿಕೆ ಹೊಡೆದು ಹೊರಟವರು ಮತ್ತೆ ತಿರುಗಿ ಇನ್ನೊಂದು ಮಾತು ಸೇರಿಸಿದರು: ಕೊಲಾರ್ಡ್ ಸೊಪ್ಪೂ ಬೇಡ, 'ಅವರು' ಬಡಿಸುವ ಇನ್ನೇನು ಹಾಳುಮೂಳಿದ್ದರೆ ಅದೂ ಬೇಡ.

ಮಾಸ್ಟರ್ಸ್‌ನಲ್ಲಿ ಹಳೆಯ ಚಾಂಪಿಯನ್ನರೆಲ್ಲ ಸೇರಿ ಉಣ್ಣುವ ಔತಣ ಒಂದುಂಟು. 1952ರಲ್ಲಿ ಬೆನ್ ಹೋಗನ್ ಶುರು ಮಾಡಿದ್ದು. ಹಿಂದಿನ ವರ್ಷ ಗೆದ್ದವರು ಏನು ಬಡಿಸಬೇಕೆಂದು ತೀರ್ಮಾನಿಸುತ್ತಾರೆ. ಜೋಲರ್ ಹೇಳಿದ್ದು ಆ ಊಟದ ಬಗ್ಗೆ.

ಕರಿದ ಕೋಳಿಯಲ್ಲಿ ಅವಮಾನ ಏನಿದೆ ಎಂದು ನಮಗೆ ಅನ್ನಿಸುವುದು ಸಹಜ. ಅದರ ಹಿಂದಿನ ವರ್ಷವೇ, 1996ರಲ್ಲಿ, ಬೆಂಗಳೂರಿನಲ್ಲಿ ರೈತ ಸಂಘದವರು ಕೆಎಫ್‌ಸಿ ಅಂಗಡಿಗೆ ನುಗ್ಗಿ ಪುಡಿಗಟ್ಟಿದ್ದರು; ಇಲ್ಲಿ ಆ ಕೋಳಿ ಎಂದರೆ ಬಹುರಾಷ್ಟ್ರೀಯ ಕಂಪನಿಯ ಬಂಡವಾಳ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದರ ಚರಿತ್ರೆ ಬೇರೆ. ಗುಲಾಮರಿಗೆ ಸ್ವಂತಕ್ಕೆ ಸಾಕಿಕೊಳ್ಳಲು ಒಡೆಯರು ಬಿಡುತ್ತಿದ್ದುದು ಹೆಚ್ಚಾಗಿ ಕೋಳಿಯನ್ನು. ಗುಲಾಮಗಿರಿ ಹೋದ ಮೇಲೆ ವರ್ಜೀನಿಯಾದ ಗೋರ್ಡನ್ಸ್‌ವಿಲ್ ರೈಲು ನಿಲ್ದಾಣದಲ್ಲಿ ಕಪ್ಪು ಹೆಂಗಸರು ತಲೆಯ ಮೇಲೆ ತಟ್ಟೆ ಹೊತ್ತು, ಕಿಟಕಿಯ ಹತ್ತಿರ ಕರಿದ ಕೋಳಿ ಮಾರಿ ಸಂಸಾರ ತೂಗಿಸಿದರು. ದುಡಿದು ಬದುಕಿದ ಆ ತಿನಿಸನ್ನೇ ಬಿಳಿಯರ ರಂಗಭೂಮಿ, ಜಾಹೀರಾತು, ಸಿನಿಮಾ ಎಲ್ಲ ಸೇರಿ ಗೇಲಿಯ ಗುರುತಾಗಿಸಿದವು. 1915ರ 'ದಿ ಬರ್ತ್ ಆಫ್ ಎ ನೇಷನ್' ಚಿತ್ರದಲ್ಲಿ ಶಾಸನಸಭೆಗೆ ಆರಿಸಿ ಬಂದ ಕಪ್ಪು ಶಾಸಕರ ದೃಶ್ಯವಿದೆ. ಒಬ್ಬ ಸಭೆಯಲ್ಲೇ ಕೋಳಿ ಕಡಿಯುತ್ತಾನೆ, ಇನ್ನೊಬ್ಬ ಬೂಟು ಕಳಚಿ ಮೇಜಿನ ಮೇಲೆ ಕಾಲು ಚಾಚುತ್ತಾನೆ. ಇಂಥವರು ಸಭೆಯಲ್ಲಿ ಕೂರಲು ಲಾಯಕ್ಕೇ ಎಂಬುದು ಅಲ್ಲಿನ ಕುಹಕ. ಚಾಂಪಿಯನ್ನರ ಪಂಕ್ತಿಗೆ ಬರಲಿದ್ದ ಮೊದಲ ಕಪ್ಪು ಆಟಗಾರನನ್ನು ಕುರಿತು ಅದೇ ಕೋಳಿಯ ಮಾತೆತ್ತಿದರೆ, ಕೇಳುವವರಿಗೆ ನೆನಪಾಗುವುದು ಊಟವಲ್ಲ, ಆ ಕುಹಕ.

ವುಡ್ಸ್ 1998ರ ಔತಣಕ್ಕೆ ಬಡಿಸಿದ್ದು ಚೀಸ್‌ಬರ್ಗರ್, ಚಿಕನ್ ಸ್ಯಾಂಡ್‌ವಿಚ್, ಫ್ರೆಂಚ್ ಫ್ರೈಸ್, ಮಿಲ್ಕ್‌ಶೇಕ್. 22ರ ಹುಡುಗನ ಊಟ, ಇನ್ನೇನು.

ತಪ್ಪು ಕಲ್ಪನೆ: ಗಾಲ್ಫಿನ ವರ್ಣಭೇದ ಯಾವುದೋ ಕಾಲದ್ದು

ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಘದಲ್ಲಿ, ಅಂದರೆ ಪಿಜಿಎ ಆಫ್ ಅಮೆರಿಕದಲ್ಲಿ, ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವೇ ಇತ್ತು. ಅದನ್ನು ತೆಗೆದದ್ದು 1961ರ ನವೆಂಬರ್‌ನಲ್ಲಿ. ಕ್ರಿಕೆಟ್‌ನಲ್ಲಿ ಕಪ್ಪು ಆಟಗಾರ ಫ್ರ್ಯಾಂಕ್ ವೊರೆಲ್ ವೆಸ್ಟ್ ಇಂಡೀಸ್ ನಾಯಕನಾಗಿ ಆಸ್ಟ್ರೇಲಿಯಾ ಪ್ರವಾಸ ಮುಗಿಸಿ ಬಂದಾಗಿತ್ತು, ಆಗಲೂ ಗಾಲ್ಫ್ ಸಂಘ ಚರ್ಮದ ಬಣ್ಣ ನೋಡುತ್ತಿತ್ತು.

ಕಪ್ಪು ಗಾಲ್ಫರ್ ಚಾರ್ಲಿ ಸಿಫರ್ಡ್ ಅವರ ಪಾಡು ಕೇಳಿದರೆ ಸಾಕು. 1952ರ ಫೀನಿಕ್ಸ್ ಓಪನ್‌ನಲ್ಲಿ ಮೊದಲ ಗ್ರೀನ್‌ಗೆ ಹೋದರೆ ಗುಳಿಯೊಳಗೆ ಯಾರೋ ಮಲ ಹಾಕಿಟ್ಟಿದ್ದರು. 1961ರಲ್ಲಿ ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬೊರೊದಲ್ಲಿ ಮೊದಲ ದಿನ ಮುನ್ನಡೆ ಪಡೆದ ರಾತ್ರಿ ಫೋನಿನಲ್ಲಿ ಕೊಲೆ ಬೆದರಿಕೆ ಬಂತು. ಮುಂದೆ ಪಿಜಿಎ ಟೂರ್‌ನಲ್ಲಿ ಎರಡು ಟೂರ್ನಿ ಗೆದ್ದರೂ ಮಾಸ್ಟರ್ಸ್‌ಗೆ ಅವರಿಗೆ ಕರೆ ಬರಲೇ ಇಲ್ಲ. ಅಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಲೀ ಎಲ್ಡರ್, ಅದೂ 1975ರಲ್ಲಿ. ವುಡ್ಸ್ ಹುಟ್ಟಿದ್ದೂ ಅದೇ ವರ್ಷ. ಇನ್ನು ಚೀಲ ಹೊರಲು ಆಗಸ್ಟಾ ನೇಮಿಸಿಕೊಳ್ಳುತ್ತಿದ್ದವರು ಕಪ್ಪು ಕ್ಯಾಡಿಗಳೇ; 1982ರವರೆಗೆ ಮಾಸ್ಟರ್ಸ್ ಆಟಗಾರರು ಕ್ಲಬ್ಬಿನ ಆ ಕ್ಯಾಡಿಗಳನ್ನೇ ಇಟ್ಟುಕೊಳ್ಳಬೇಕಿತ್ತು. ಕಪ್ಪು ಸದಸ್ಯರೊಬ್ಬರು ಅಲ್ಲಿ ಸೇರಿದ್ದು 1990ರಲ್ಲಿ, ಜೋಲರ್ ಮಾತಿಗೆ ಬರೀ ಏಳು ವರ್ಷ ಮೊದಲು.

ಆ ಮಾತಿನ ನಂತರ ಜೋಲರ್ ಕ್ಷಮೆ ಕೇಳಿ ಹಿಂದೆ ಸರಿದ ಟೂರ್ನಿ ಕೂಡ ಗ್ರೀನ್ಸ್‌ಬೊರೊದ್ದೇ. ಸಿಫರ್ಡ್‌ಗೆ ಫೋನ್ ಬಂದ ಊರು. 1960ರಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ಕೂತು, ಬಡಿಸುವ ತನಕ ಏಳುವುದಿಲ್ಲ ಎಂದು ಹಟ ಹಿಡಿದ ಊರೂ ಅದೇ.

ತಪ್ಪು ಕಲ್ಪನೆ: ವುಡ್ಸ್ ಅವರೇ ಕ್ಷಮಿಸಿದ ಮೇಲೆ ಮಿಕ್ಕವರದ್ದೇನು?

2008ರ ಜನವರಿಯಲ್ಲಿ ಗಾಲ್ಫ್ ಚಾನೆಲ್ಲಿನ ನಿರೂಪಕಿ ಕೆಲ್ಲಿ ಟಿಲ್ಗ್‌ಮನ್ ನೇರ ಪ್ರಸಾರದಲ್ಲಿ ಹರಟುತ್ತಿದ್ದರು. ವುಡ್ಸ್‌ರನ್ನು ತಡೆಯಲು ಎಳೆಯ ಆಟಗಾರರೆಲ್ಲ ಒಟ್ಟಾಗಬೇಕೇನೋ ಎಂದರು ಜೊತೆಗಿದ್ದ ನಿಕ್ ಫಾಲ್ಡೊ. ಹಿಂದಿನ ಗಲ್ಲಿಗೆ ಒಯ್ದು ಲಿಂಚ್ ಮಾಡಲಿ ಎಂದು ಟಿಲ್ಗ್‌ಮನ್ ನಕ್ಕರು. ಕಪ್ಪು ಜನರನ್ನು ಗುಂಪು ಸೇರಿ ಮರಕ್ಕೆ ನೇತುಹಾಕಿದ ಚರಿತ್ರೆ ಇರುವ ದೇಶದಲ್ಲಿ ಆಡಿದ ಮಾತು ಇದು. ಆಕೆ ವುಡ್ಸ್‌ರ ಸ್ನೇಹಿತೆ. ಇದೇನು ದೊಡ್ಡ ವಿಷಯವಲ್ಲ ಎಂದು ವುಡ್ಸ್ ಕಡೆಯವರು ಮುಗಿಸಿಬಿಟ್ಟರು. ಚಾನೆಲ್ ಎರಡು ವಾರ ಅಮಾನತು ಮಾಡಿತು.

ಸ್ನೇಹಿತೆಯನ್ನು ಕ್ಷಮಿಸುವ ಹಕ್ಕು ವುಡ್ಸ್‌ರದ್ದು, ಸರಿ. ಆದರೆ ನೇಣಿಗೆ ಬಿದ್ದವರ ಮೊಮ್ಮಕ್ಕಳ ಪರವಾಗಿ ಕ್ಷಮಿಸುವ ಅಧಿಕಾರವನ್ನು ಅವರಿಗೆ ಯಾರು ಕೊಟ್ಟರು? ಅವರಂತೂ ತಮ್ಮನ್ನು ಬರೀ ಕಪ್ಪು ಮನುಷ್ಯ ಎಂದು ಕರೆದುಕೊಂಡವರಲ್ಲ. ತಾಯಿ ಥಾಯ್ಲೆಂಡಿನವರು, ತಮ್ಮದು ಹಲವು ಕುಲಗಳು ಬೆರೆತ ರಕ್ತ ಎಂದೇ ಹೇಳುತ್ತ ಬಂದವರು. ಇದೇ ಸಂದರ್ಭದಲ್ಲಿ 'ಗಾಲ್ಫ್‌ವೀಕ್' ಪತ್ರಿಕೆ ಮುಖಪುಟದಲ್ಲಿ ನೇಣಿನ ಕುಣಿಕೆಯ ಚಿತ್ರ ಹಾಕಿತು. ಸಂಪಾದಕರ ಕೆಲಸ ಹೋಯಿತು. ಆಡಿದವರಿಗೆ ಎರಡು ವಾರ, ಅದನ್ನು ಚಿತ್ರಿಸಿದವರಿಗೆ ಮನೆ ದಾರಿ: ಶಿಕ್ಷೆಯ ತಕ್ಕಡಿ ಎತ್ತ ವಾಲುತ್ತದೆ ಎಂದು ಹೇಳುವುದು ಕಷ್ಟ.

ತಪ್ಪು ಕಲ್ಪನೆ: ಒಂದು ಮಾತಿಗೆ ಬದುಕೇ ಹಾಳಾಗುತ್ತದೆ

ಜೋಲರ್‌ರನ್ನು ಪ್ರಾಯೋಜಕ ಕಂಪನಿ ಕೆಮಾರ್ಟ್ ಕೈಬಿಟ್ಟಿದ್ದು ನಿಜ. ಆದರೆ 2002ರಲ್ಲಿ ಅವರು ಸೀನಿಯರ್ ಪಿಜಿಎ ಚಾಂಪಿಯನ್‌ಷಿಪ್ ಗೆದ್ದರು. ಟಿಲ್ಗ್‌ಮನ್ ಮತ್ತೆ ಹತ್ತು ವರ್ಷ ಅದೇ ಚಾನೆಲ್ಲಿನಲ್ಲಿದ್ದರು. ವುಡ್ಸ್‌ರ ಮಾಜಿ ಕ್ಯಾಡಿ ಸ್ಟೀವ್ ವಿಲಿಯಮ್ಸ್ 2011ರಲ್ಲಿ ಶಾಂಘೈನ ಔತಣವೊಂದರಲ್ಲಿ ವುಡ್ಸ್‌ರ ಬಣ್ಣ ಹಿಡಿದು ಹೊಲಸು ಮಾತಾಡಿದರು. 2013ರ ಮಾಸ್ಟರ್ಸ್ ಗೆದ್ದ ಆಡಮ್ ಸ್ಕಾಟ್‌ರ ಚೀಲ ಹೊತ್ತವರು ಅವರೇ.

ಎಲ್ಲಕ್ಕಿಂತ ಸೊಗಸಾದದ್ದು ಆಟಗಾರ ಸರ್ಜಿಯೊ ಗಾರ್ಸಿಯಾರ ಕಥೆ. ವುಡ್ಸ್‌ರನ್ನು ಊಟಕ್ಕೆ ಕರೆಯುತ್ತೀರಾ ಎಂದು 2013ರಲ್ಲಿ ವೇದಿಕೆಯ ಮೇಲೆ ಕೇಳಿದಾಗ, ದಿನಾ ಕರೆದು ಫ್ರೈಡ್ ಚಿಕನ್ ಬಡಿಸುತ್ತೇವೆ ಎಂದಿದ್ದರು. ಈ ಸಲ ವುಡ್ಸ್ ಸುಮ್ಮನಿರಲಿಲ್ಲ, ಇದು ತಪ್ಪು, ನೋವಾಗುವ ಮಾತು ಎಂದು ಬರೆದರು. ಪ್ರಾಯೋಜಕರು ಗದರಿ, ಉಳಿಸಿಕೊಂಡರು. 2017ರಲ್ಲಿ ಗಾರ್ಸಿಯಾ ಮಾಸ್ಟರ್ಸ್ ಗೆದ್ದರು. ಮರುವರ್ಷದ ಚಾಂಪಿಯನ್ನರ ಔತಣಕ್ಕೆ ಏನು ಬಡಿಸಬೇಕೆಂಬ ತೀರ್ಮಾನ ಅವರದ್ದೇ ಆಯಿತು. ಸ್ಪೇನ್ ಶೈಲಿಯ ಲಾಬ್‌ಸ್ಟರ್ ಅನ್ನ ಬಡಿಸಿದರು.

ತಪ್ಪು ಕಲ್ಪನೆ: ಇದು ಅಮೆರಿಕದವರ ಮನೆಜಗಳ

ಗಾರ್ಸಿಯಾ ಸ್ಪೇನಿನವರು, ವಿಲಿಯಮ್ಸ್ ನ್ಯೂಜಿಲೆಂಡಿನವರು. ಗಾರ್ಸಿಯಾ ಪರ ಮಾತಾಡಲು ಹೋದ ಯುರೋಪಿಯನ್ ಟೂರ್‌ನ ಆಗಿನ ಮುಖ್ಯಸ್ಥ ಜಾರ್ಜ್ ಓಗ್ರೇಡಿ, ಅವರಿಗೆ ಎಷ್ಟೋ 'ಬಣ್ಣದ' ಗೆಳೆಯರಿದ್ದಾರೆ ಎಂದು ಹೇಳಿ ತಾವೂ ಕ್ಷಮೆ ಕೇಳಬೇಕಾಯಿತು. ದಕ್ಷಿಣ ಆಫ್ರಿಕಾದ ಪಾಪ್ವಾ ಸೆವ್‌ಗೋಲಮ್ ಭಾರತ ಮೂಲದ ಕ್ಯಾಡಿ. ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿದು ತಮಗೆ ತಾವೇ ಆಟ ಕಲಿತವರು. 1963ರ ನಟಾಲ್ ಓಪನ್ ಗೆದ್ದಾಗ ಬಿಳಿಯರ ಕ್ಲಬ್‌ಹೌಸ್ ಒಳಗೆ ಬಿಡದೆ, ಹೊರಗೆ ಮಳೆಯಲ್ಲೇ ಟ್ರೋಫಿ ಕೊಟ್ಟರು.

ತಪ್ಪು ಕಲ್ಪನೆ: ಜನರ ಕೂಗಾಟದಿಂದ ಏನೂ ಆಗುವುದಿಲ್ಲ

ಕೂಗು ಯಾರ ಮೇಲೆ ಎಂಬುದರ ಮೇಲಿದೆ. 1990ರಲ್ಲಿ ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನಲ್ಲಿ ಪಿಜಿಎ ಚಾಂಪಿಯನ್‌ಷಿಪ್ ನಿಗದಿಯಾಗಿತ್ತು. ಕ್ಲಬ್ ಕಟ್ಟಿದ ಹಾಲ್ ಥಾಂಪ್ಸನ್ ಪತ್ರಿಕೆಯೊಂದಕ್ಕೆ, ಕಪ್ಪು ಜನರನ್ನು ಬಿಟ್ಟರೆ ಬೇರೆ ಯಾವ ವಿಷಯದಲ್ಲೂ ನಾವು ಭೇದ ಮಾಡುವುದಿಲ್ಲ ಎಂಬರ್ಥದ ಮಾತಾಡಿದರು. ಜೋಲರ್, ಗಾರ್ಸಿಯಾರ ಹಾಗೆ ಇಲ್ಲಿಯೂ ಕ್ಷಮೆ ಕೇಳಿ ಮುಗಿಸಬಹುದಿತ್ತು. ಆದರೆ ಪ್ರತಿಭಟನೆಯ ಸದ್ದಿಗೆ ಐಬಿಎಂ ಸೇರಿದಂತೆ ದೊಡ್ಡ ಕಂಪನಿಗಳು ಟಿ.ವಿ. ಜಾಹೀರಾತು ವಾಪಸ್ ತೆಗೆದುಕೊಂಡವು. ಶೋಲ್ ಕ್ರೀಕ್ ತರಾತುರಿಯಲ್ಲಿ ಕಪ್ಪು ಸದಸ್ಯರೊಬ್ಬರನ್ನು ಸೇರಿಸಿಕೊಂಡಿತು. ಕೆಲವೇ ವಾರಗಳಲ್ಲಿ ಆಗಸ್ಟಾವೂ ತನ್ನ ಮೊದಲ ಕಪ್ಪು ಸದಸ್ಯರಾಗಿ ರಾನ್ ಟೌನ್ಸೆಂಡ್‌ರನ್ನು ಸೇರಿಸಿಕೊಂಡಿತು. ಸದಸ್ಯತ್ವದಲ್ಲಿ ಭೇದ ಮಾಡುವ ಕ್ಲಬ್‌ಗಳಿಗೆ ಟೂರ್ನಿ ಕೊಡುವುದಿಲ್ಲ ಎಂದು ಪಿಜಿಎ ಟೂರ್ ನಿಯಮ ಮಾಡಿತು.

1997ರ ನಂತರದ ಗಲಾಟೆಗಳಲ್ಲಿ ಇಂಥ ಒಂದು ನಿಯಮವೂ ಹುಟ್ಟಲಿಲ್ಲ. ಸಿಟ್ಟೆಲ್ಲ ಒಬ್ಬೊಬ್ಬರ ನಾಲಿಗೆಯ ಮೇಲೆ ಖರ್ಚಾಯಿತು. ಶೋಲ್ ಕ್ರೀಕ್ ಪ್ರಕರಣದಲ್ಲಿ ಅದು ಕ್ಲಬ್ಬಿನ ಬಾಗಿಲಿಗೆ ಹೋಯಿತು, ದುಡ್ಡಿನ ಗಂಟಿಗೂ ಹೋಯಿತು. ಎಲ್ಲರೂ ಬಗ್ಗಿದರು ಎಂದಲ್ಲ. ಕ್ಯಾಲಿಫೋರ್ನಿಯಾದ ಕಡಲ ದಂಡೆಯ ಹೆಸರಾಂತ ಕ್ಲಬ್ ಸೈಪ್ರೆಸ್ ಪಾಯಿಂಟ್ ಹೊಸ ನಿಯಮಕ್ಕೆ ಒಪ್ಪದೆ ಪೆಬಲ್ ಬೀಚ್ ಟೂರ್ನಿಯನ್ನೇ ಬಿಟ್ಟುಕೊಟ್ಟಿತು. 1991ರಿಂದ ಆ ಜಾಗದಲ್ಲಿ ಪಾಪಿ ಹಿಲ್ಸ್ ಮೈದಾನ ಬಂತು, ಟೂರ್ನಿ ಎಂದಿನಂತೆ ನಡೆಯಿತು.